ವೈಶಾಖದ ಬಿಸಿಲು, ಕಾರ್ತಿಕದ ಮರಿ

ರಾಯಚೂರು ಸೀಮೆಯ ಒಂದು ಹಳ್ಳಿ. ಮೇ ತಿಂಗಳ ನಡುಮಧ್ಯಾಹ್ನ. ಎರೆಹೊಲದಲ್ಲಿ ಕಣ್ಣು ಹಾಯುವಷ್ಟು ದೂರವೂ ಒಂದು ಮರವಿಲ್ಲ. ಕುರಿಹಿಂಡೊಂದು ಬಟ್ಟಬಯಲಿನಲ್ಲೇ ಗುಂಪುಗೂಡಿ ನಿಂತಿತ್ತು. ಒಂದೂ ಮೇಯುತ್ತಿರಲಿಲ್ಲ. ಪ್ರತಿಯೊಂದು ಕುರಿಯೂ ತನ್ನ ತಲೆಯನ್ನು ಪಕ್ಕದ ಕುರಿಯ ಹೊಟ್ಟೆಯಡಿ ತೂರಿಸಿಕೊಂಡಿತ್ತು. ಆ ಬಯಲಿನಲ್ಲಿದ್ದ ನೆರಳೆಂದರೆ ಅದೊಂದೇ, ಒಂದು ಕುರಿ ಇನ್ನೊಂದಕ್ಕೆ ಕೊಡುವ ನೆರಳು. ಹಿಂಡಿನ ಅಂಚಿನಲ್ಲಿ ದಪ್ಪ ಕೊಂಬಿನ ಟಗರೊಂದು ಬಾಯಿ ತೆರೆದು ತೇಕುತ್ತಿತ್ತು. ಅದರ ಪಕ್ಕೆಗಳು ಕಮ್ಮಾರನ ತಿದಿಯಂತೆ ಏರಿಳಿಯುತ್ತಿದ್ದವು.

ಕಂಬಳಿಯನ್ನು ತಲೆಯ ಮೇಲೆ ಹೊದ್ದು ಕುಳಿತಿದ್ದ ಹಿರಿಯ ಕುರಿಗಾಹಿಯನ್ನು ಮಾತಿಗೆಳೆದೆ.

“ಹೋದ ಸಲ ಮರಿ ಎಷ್ಟಾದವು, ಯಜಮಾನ್ರೇ?”

“ಏನ್ ಹೇಳ್ಲಿ ಸರ. ನಲವತ್ತು ಕುರಿ ಇದ್ದವು. ಇಪ್ಪತ್ತೆರಡ ಈದವು. ಉಳಿದವು ಗೊಡ್ಡು ಬಿದ್ದವು. ಅದರಾಗ ಹತ್ತನ್ನ ಸಂತಿಗೆ ಹೊಡಕೊಂಡ್ ಹೋಗಿ ಮಾರಿಬಿಟ್ಟೆ. ಅವರು ಹೇಳಿದ್ದ ರೇಟು.”

“ಟಗರು ಚೆನ್ನಾಗಿತ್ತೇ?”

ಅವರು ನಕ್ಕರು. “ಟಗರಿಗೇನ್ ಧಾಡಿರೀ? ಹುಲಿ ಇದ್ದಂಗ ಐತಿ. ಮಳಿ ಬಿದ್ದ ಮ್ಯಾಲೆ ಒಂದು ಕುರೀನೂ ಬಿಡಲಿಲ್ಲ.”

ಊರಿಗೆ ಮರಳಿದ ಮೇಲೂ ಸಂತೆಗೆ ಹೋದ ಆ ಹತ್ತು ಕುರಿಗಳು ಮನಸ್ಸಿನಿಂದ ಮರೆಯಾಗಲಿಲ್ಲ. ಅವು ನಿಜಕ್ಕೂ ಗೊಡ್ಡಾಗಿದ್ದವೇ? ಅಥವಾ ಕೊರತೆ ಇನ್ನೆಲ್ಲೋ ಇದ್ದು, ಶಿಕ್ಷೆ ಮಾತ್ರ ಅವಕ್ಕೆ ಆಯಿತೇ? ಕುರಿಗಾಹಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಟಗರು ಹುಲಿಯಂತೆಯೇ ಇತ್ತು. ಆದರೆ ಹುಲಿಯಂತಿರುವ ಟಗರು ಕೂಡ ಎರಡು ತಿಂಗಳ ಮಟ್ಟಿಗೆ ತಂದೆಯಾಗಲಾರದೆ ಹೋಗಬಹುದು. ನೋಡಿದವರಿಗೆ ಅದು ಗೊತ್ತಾಗುವುದಿಲ್ಲ, ಟಗರಿಗೂ ಗೊತ್ತಾಗುವುದಿಲ್ಲ. ಅದನ್ನು ಹಾಗೆ ಮಾಡುವುದು ಬೇಸಿಗೆಯ ಬಿಸಿಲು. ಅದೂ ಇಂದಿನ ಬಿಸಿಲಲ್ಲ, ಎಂದೋ ಕಾದು ತಣ್ಣಗಾಗಿ ಎಲ್ಲರೂ ಮರೆತುಬಿಟ್ಟ ಬಿಸಿಲು. ಈ ವಾರ ಆ ಸಂಗತಿಯನ್ನು ನೋಡೋಣ.

ಹೊರಗೆ ತೂಗುವ ಕಾರ್ಖಾನೆ

ನಮ್ಮ ಮೈಯ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್. ಅದು 39ಕ್ಕೆ ಏರಿದರೆ ಅಮ್ಮ ಹಣೆ ಮುಟ್ಟಿ ನೋಡಿ ಶಾಲೆಗೆ ರಜೆ ಕೊಡಿಸುತ್ತಾಳೆ. ಕುರಿಗಾದರೋ 39 ಡಿಗ್ರಿಯೇ ಸಹಜ. ಅದರ ಹೃದಯ, ಯಕೃತ್ತು, ಮೂತ್ರಪಿಂಡಗಳೆಲ್ಲ ಆ ಬಿಸಿಯಲ್ಲೇ ಹಾಯಾಗಿ ಕೆಲಸ ಮಾಡುತ್ತವೆ. ಟಗರಿನ ಒಂದು ಅಂಗಕ್ಕೆ ಮಾತ್ರ ಆ ಬಿಸಿ ಒಗ್ಗದು. ವೀರ್ಯಾಣುಗಳನ್ನು ತಯಾರಿಸುವ ವೃಷಣಗಳು ಸರಿಯಾಗಿ ಕೆಲಸ ಮಾಡಬೇಕಾದರೆ ದೇಹಕ್ಕಿಂತ 4ರಿಂದ 6 ಡಿಗ್ರಿಯಷ್ಟು ತಂಪಾಗಿರಬೇಕು. ಅದಕ್ಕಾಗಿಯೇ ಅವು ಹೊಟ್ಟೆಯೊಳಗಿಲ್ಲ, ಹೊರಗೆ ಚೀಲವೊಂದರಲ್ಲಿ ತೂಗುತ್ತಿವೆ.

“ಕೋಳಿಯ ಮೈ 41 ಡಿಗ್ರಿ ಇರುತ್ತದಲ್ಲ, ಹುಂಜಕ್ಕೆ ಅಂಥ ಚೀಲ ಎಲ್ಲಿದೆ?” ಎಂದು ಚುರುಕು ವಿದ್ಯಾರ್ಥಿ ಕೇಳಬಹುದು. ಒಳ್ಳೆಯ ಪ್ರಶ್ನೆ. ಹಕ್ಕಿಗಳ ವೃಷಣಗಳು ಒಡಲೊಳಗೇ ಇರುತ್ತವೆ. ಆನೆಯಲ್ಲೂ ಹಾಗೆಯೇ. ಜೀವಜಗತ್ತಿನಲ್ಲಿ ಎಲ್ಲರಿಗೂ ಒಂದೇ ಕಾನೂನಿಲ್ಲ. ಆದರೆ ಕುರಿ, ಮೇಕೆ, ಎತ್ತು, ಮನುಷ್ಯ ಇವರೆಲ್ಲ ತಂಪು ಬೇಡುವ ಗುಂಪಿಗೆ ಸೇರಿದವರು.

ಬರಿದೇ ಹೊರಗೆ ನೇತುಹಾಕಿದ ಮಾತ್ರಕ್ಕೆ ತಂಪು ಬರುವುದಿಲ್ಲ. ಟಗರಿನ ವೃಷಣಚೀಲ ಒಂದು ಅಚ್ಚುಕಟ್ಟಾದ ಯಂತ್ರ. ಅದರಲ್ಲಿ ಮೂರು ಏರ್ಪಾಡುಗಳಿವೆ.

ಮೊದಲನೆಯದು ಚರ್ಮ. ಚೀಲದ ಚರ್ಮ ತೆಳು, ಅದರಲ್ಲಿ ಬೆವರಿನ ಗ್ರಂಥಿಗಳಿವೆ. ಬೆವರು ಆರಿದಾಗ ಮಣ್ಣಿನ ಹೂಜಿಯ ನೀರು ತಂಪಾಗುವಂತೆ ಅದೂ ತಂಪಾಗುತ್ತದೆ.

ಎರಡನೆಯದು ಸ್ನಾಯು. ಬಿಸಿಲಿನಲ್ಲಿ ಚೀಲದ ಸ್ನಾಯುಗಳು ಸಡಿಲಗೊಳ್ಳುತ್ತವೆ. ಚೀಲ ಉದ್ದವಾಗಿ ಇಳಿಬಿದ್ದು ಮೈಯಿಂದ ದೂರ ಸರಿಯುತ್ತದೆ, ಗಾಳಿಗೆ ಹೆಚ್ಚು ಮೈಯೊಡ್ಡುತ್ತದೆ. ಚಳಿಯಲ್ಲಿ ಅದೇ ಸ್ನಾಯುಗಳು ಬಿಗಿದು, ಚೀಲ ಸುಕ್ಕುಗಟ್ಟಿ ಮೇಲೇರಿ ಹೊಟ್ಟೆಗೆ ಅಂಟಿಕೊಳ್ಳುತ್ತದೆ. ಒಂದೇ ಟಗರನ್ನು ಮಾಗಿಯ ಮುಂಜಾನೆಯಲ್ಲೂ ವೈಶಾಖದ ಮಧ್ಯಾಹ್ನದಲ್ಲೂ ನೋಡಿದವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಟ್ಟಿದಂತಿರುತ್ತದೆ.

ಮೂರನೆಯದು ಹೊರಗಿನಿಂದ ಕಾಣದು, ಆದರೆ ಅದೇ ಎಲ್ಲಕ್ಕಿಂತ ಸೊಗಸಾದದ್ದು. ಮೈಯೊಳಗಿಂದ ವೃಷಣಕ್ಕೆ ರಕ್ತ ತರುವ ಅಪಧಮನಿ ನೇರವಾಗಿ ಇಳಿಯುವುದಿಲ್ಲ. ಗೇಣುದ್ದಕ್ಕೂ ಕಡಿಮೆ ಜಾಗದಲ್ಲಿ ಅದು ಸುರುಳಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಬಿಚ್ಚಿ ಹಿಡಿದರೆ ಕೆಲವು ಮೀಟರು ಉದ್ದವಾದೀತು. ಆ ಸುರುಳಿಯ ಸುತ್ತ, ಚೀಲದಿಂದ ತಣ್ಣಗಾಗಿ ಹಿಂತಿರುಗುವ ರಕ್ತದ ಅಭಿಧಮನಿಗಳು ಬಲೆಯಂತೆ ಹೆಣೆದುಕೊಂಡಿವೆ. ಮಗುವಿಗೆ ಕೊಡುವ ಹಾಲು ಸುಡುತ್ತಿದ್ದರೆ ಅಮ್ಮ ಲೋಟವನ್ನು ತಣ್ಣೀರಿನ ತಟ್ಟೆಯಲ್ಲಿ ಇಟ್ಟು ಆರಿಸುತ್ತಾಳಲ್ಲ, ಇದೂ ಅದೇ ಉಪಾಯ. ಇಳಿಯುವ ಬಿಸಿರಕ್ತ ತನ್ನ ಶಾಖವನ್ನು ಏರುವ ತಣ್ಣನೆಯ ರಕ್ತಕ್ಕೆ ದಾಟಿಸುತ್ತದೆ. 39 ಡಿಗ್ರಿಯಲ್ಲಿ ಹೊರಟ ರಕ್ತ ವೃಷಣ ತಲುಪುವ ವೇಳೆಗೆ ಹಲವು ಡಿಗ್ರಿ ಕಳೆದುಕೊಂಡಿರುತ್ತದೆ. ಆಸ್ಟ್ರೇಲಿಯಾದಲ್ಲಿ ವೇಟ್ಸ್ ಮತ್ತು ಮೌಲ್ ಎಂಬ ವಿಜ್ಞಾನಿಗಳು 1961ರಲ್ಲಿ ಟಗರಿನ ಈ ಏರ್ಪಾಡನ್ನು ಅಳೆದು ತೋರಿಸಿದರು.

ವೇಟ್ಸ್ ಇನ್ನೊಂದು ಸೋಜಿಗವನ್ನೂ ಕಂಡರು. ಟಗರಿನ ಮೈಗೆ ಬಿಸಿ ತಾಗಿಸದೆ ಅದರ ವೃಷಣಚೀಲವನ್ನಷ್ಟೇ ಬೆಚ್ಚಗೆ ಮಾಡಿದರೂ ಟಗರು ತೇಕತೊಡಗುತ್ತದೆ. ಇಡೀ ದೇಹಕ್ಕೆ ಸೆಕೆಯಾದಂತೆ ಅದು ಏದುಸಿರು ಬಿಟ್ಟು ಮೈಯನ್ನೇ ತಂಪು ಮಾಡಿಕೊಳ್ಳುತ್ತದೆ. ಎಂದರೆ ಆ ಚೀಲದ ಚರ್ಮ ಉಷ್ಣಮಾಪಕವೂ ಹೌದು, ಎಚ್ಚರಿಕೆಯ ಗಂಟೆಯೂ ಹೌದು. ಒಂದು ಸಣ್ಣ ಅಂಗದ ತಂಪಿಗಾಗಿ ಇಡೀ ಪ್ರಾಣಿ ದುಡಿಯುತ್ತದೆ ಎಂದಾದರೆ ಆ ತಂಪು ಎಷ್ಟು ಮುಖ್ಯವಿರಬೇಕು!

ತಪ್ಪಿತಸ್ಥರು ಮೂವರು

ಬೇಸಿಗೆಯಲ್ಲಿ ಬಿಸಿಲೊಂದೇ ಬರುವುದಿಲ್ಲ. ಮೇವು ಒಣಗುತ್ತದೆ, ನೀರು ದೂರವಾಗುತ್ತದೆ, ಹಗಲು ಉದ್ದವಾಗುತ್ತದೆ. ಟಗರಿನ ಸಂತಾನಶಕ್ತಿ ಕುಗ್ಗಿದರೆ ಇವುಗಳಲ್ಲಿ ಯಾವುದನ್ನು ದೂರಬೇಕು? ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಜಾಗವಿದು. ಮೂವರು ಒಟ್ಟಿಗೆ ಸಿಕ್ಕಿಬಿದ್ದಾಗ ಕಳ್ಳ ಯಾರೆಂದು ತಿಳಿಯಲು ಒಬ್ಬೊಬ್ಬರನ್ನೇ ಬೇರೆ ಕೂರಿಸಿ ವಿಚಾರಿಸಬೇಕು.

ಅಮೆರಿಕದ ಷಿಕಾಗೊದಲ್ಲಿ ಕಾರ್ಲ್ ಮೂರ್ ಎಂಬ ಪ್ರಾಣಿವಿಜ್ಞಾನಿ ಹಾಗೆಯೇ ಮಾಡಿದರು. ಆಸ್ಲಂಡ್ ಎಂಬವರೊಡನೆ ಅವರು 1924ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ. ಟಗರುಗಳ ವೃಷಣಚೀಲಕ್ಕೆ, ಶಾಖ ಹೊರಗೆ ಹೋಗದಂತೆ ದಪ್ಪ ಹೊದಿಕೆ ಕಟ್ಟಿದರು, ಅಷ್ಟೇ. ಹೊರಗಿನಿಂದ ಬೆಂಕಿಯಿಲ್ಲ, ಬಿಸಿಲಿಲ್ಲ. ಟಗರಿನದೇ ಮೈಬಿಸಿ ಅಲ್ಲಿ ಉಳಿಯುವಂತೆ ಮಾಡಿದ್ದು ಮಾತ್ರ. ಕೆಲವೇ ವಾರಗಳಲ್ಲಿ ವೀರ್ಯಾಣು ತಯಾರಿಸುವ ಅಂಗಾಂಶ ಹಾಳಾಗಿತ್ತು. ತಂಪು ತಪ್ಪಿದರೆ ಸಾಕು, ಬೇರೆ ಯಾವ ಕಾರಣವೂ ಬೇಕಿಲ್ಲ ಎಂದು ಇದರಿಂದ ಸಿದ್ಧವಾಯಿತು.

1942ರಲ್ಲಿ ಆಸ್ಟ್ರೇಲಿಯಾದ ಗನ್ ಮತ್ತು ಸಂಗಡಿಗರು, ಬಿರುಬೇಸಿಗೆಯ ಸೀಮೆಗಳಲ್ಲಿ ಟಗರುಗಳ ವೀರ್ಯ ಕೆಡುವುದನ್ನು ದಾಖಲಿಸಿದರು. 1957ರಲ್ಲಿ ಅಮೆರಿಕದ ಡಟ್ ಮತ್ತು ಹ್ಯಾಮ್ ಎಂಬ ಸಂಶೋಧಕರು ಟಗರುಗಳನ್ನು ಚಳಿಗಾಲದಲ್ಲಿ, ಸುಮಾರು 32 ಡಿಗ್ರಿಗೆ ಕಾಯಿಸಿದ ಕೋಣೆಯಲ್ಲಿ ಒಂದು ವಾರ ಇಟ್ಟು ನೋಡಿದರು. ಚಳಿಗಾಲವನ್ನೇ ಆರಿಸಿಕೊಂಡದ್ದರಿಂದ ಉದ್ದ ಹಗಲು, ಒಣಮೇವು ಇವುಗಳ ಗೊಂದಲ ಇರಲಿಲ್ಲ. ಉಣ್ಣೆ ಕತ್ತರಿಸದ ಟಗರುಗಳಿಗೆ ಹೆಚ್ಚು ಹಾನಿಯಾಯಿತು, ಕತ್ತರಿಸಿದವಕ್ಕೆ ಕಡಿಮೆ. ಇಲ್ಲೊಂದು ವಿಚಿತ್ರವೂ ಕಂಡಿತು. ವೀರ್ಯ ಅತ್ಯಂತ ಕೆಟ್ಟ ಸ್ಥಿತಿಗೆ ಇಳಿದದ್ದು ಕಾದ ಕೋಣೆಯಲ್ಲಿದ್ದ ವಾರದಲ್ಲಲ್ಲ, ಹೊರಗೆ ಬಂದು ವಾರಗಳು ಕಳೆದ ಮೇಲೆ!

ರಾಯಚೂರಿನ ಕುರಿಗಾಹಿಯ ಒಗಟಿಗೆ ಬೀಗದ ಕೈ ಇರುವುದು ಇಲ್ಲೇ.

ಎರಡು ತಿಂಗಳ ಪಂಚಾಂಗ

ಮಾವಿನ ಮರಕ್ಕೆ ಪುಷ್ಯ, ಮಾಘದಲ್ಲಿ ಹೂ ಬರುತ್ತದೆ. ಆಗ ಮಂಜು ಸುರಿದು ಹೂ ಕರಗಿದರೆ ಆ ದಿನ ಯಾರೂ ಅಳುವುದಿಲ್ಲ, ಮರ ಹಸಿರಾಗಿಯೇ ಇರುತ್ತದೆ. ಯುಗಾದಿ ಕಳೆದು ಹಣ್ಣಿನ ಬುಟ್ಟಿ ಬರಿದಾದಾಗ ಮಾತ್ರ ನಷ್ಟದ ಲೆಕ್ಕ ಗೊತ್ತಾಗುತ್ತದೆ. ಟಗರಿನ ಕಥೆಯೂ ಹೀಗೆಯೇ.

ಒಂದು ವೀರ್ಯಾಣು ಒಂದು ದಿನದಲ್ಲಿ ತಯಾರಾಗುವುದಿಲ್ಲ. ಟಗರಿನಲ್ಲಿ ಮೂಲಕೋಶವೊಂದು ವಿಭಜನೆಗೊಂಡು, ಹಂತಹಂತವಾಗಿ ರೂಪ ಬದಲಿಸಿ, ತಲೆ ಬಾಲ ಮೂಡಿದ ವೀರ್ಯಾಣುವಾಗಲು ಸುಮಾರು 49 ದಿನ ಬೇಕು. ಆಮೇಲೆ ವೃಷಣಕ್ಕೆ ಅಂಟಿಕೊಂಡಿರುವ ನೀಳವಾದ ಸುರುಳಿನಾಳದಲ್ಲಿ ತೆವಳುತ್ತ ಸಾಗಿ, ಪಕ್ವವಾಗಿ, ಈಜುವ ಶಕ್ತಿ ಪಡೆಯಲು ಇನ್ನೂ 10ರಿಂದ 14 ದಿನ. ಒಟ್ಟು ಎರಡು ತಿಂಗಳು. ಆರೋಗ್ಯವಂತ ಟಗರಿನಲ್ಲಿ ದಿನಕ್ಕೆ ನೂರಾರು ಕೋಟಿ ವೀರ್ಯಾಣುಗಳು ಹೀಗೆ ಸಾಲುಗಟ್ಟಿ ಬರುತ್ತಿರುತ್ತವೆ.

ಈ ಸಾಲಿನ ಮೇಲೆ ಒಂದು ವಾರ ಬಿಸಿ ಬಿತ್ತೆನ್ನಿ. ಸಾಲಿನ ಮುಂಚೂಣಿಯಲ್ಲಿ ತಯಾರಾಗಿ ನಿಂತಿರುವ ವೀರ್ಯಾಣುಗಳು ಸಾಕಷ್ಟು ಗಟ್ಟಿ. ಅವು ಬಹುಮಟ್ಟಿಗೆ ಪಾರಾಗುತ್ತವೆ. ಸಾಲಿನ ಕೊನೆಯಲ್ಲಿರುವ ಮೂಲಕೋಶಗಳೂ ಬಿಸಿಯನ್ನು ತಾಳಿಕೊಳ್ಳುತ್ತವೆ. ಪೆಟ್ಟು ತಿನ್ನುವುದು ನಡುವಿನವು, ವಿಭಜನೆಯ ಸೂಕ್ಷ್ಮ ಹಂತದಲ್ಲಿ ಇರುವವು. ಅವುಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಬಾಲ ಮುರಿದೋ ತಲೆ ಸೊಟ್ಟಗಾಗಿಯೋ ಹುಟ್ಟುತ್ತವೆ. ಇನ್ನು ಕೆಲವು ನೋಡಲು ಸರಿಯಾಗಿದ್ದರೂ ಒಳಗಿನ ವರ್ಣತಂತುವಿನಲ್ಲಿ ಗಾಯ ಹೊತ್ತಿರುತ್ತವೆ. ಅಂಥ ವೀರ್ಯಾಣುವಿನಿಂದ ಗರ್ಭ ಕಟ್ಟಿದರೂ ಭ್ರೂಣ ಮೊದಲ ಕೆಲವು ವಾರಗಳಲ್ಲೇ ಕರಗಿಹೋಗಬಹುದು.

ಬಿಸಿಯಿಂದ ಹೀಗೇಕೆ ಆಗುತ್ತದೆ? ಉಷ್ಣತೆ ಏರಿದಾಗ ಕೋಶಗಳು ಹೆಚ್ಚು ಆಮ್ಲಜನಕ ಬೇಡುತ್ತವೆ, ರಕ್ತದ ಹರಿವು ಮಾತ್ರ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ, ಆದ್ದರಿಂದ ಕೋಶಗಳು ಉಸಿರುಕಟ್ಟಿ ಸಾಯುತ್ತವೆ ಎಂದು ಬಹುಕಾಲ ಪಾಠ ಹೇಳಲಾಗುತ್ತಿತ್ತು. ಈಚಿನ ಪ್ರಯೋಗಗಳಲ್ಲಿ, ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವನ್ನು ಹೆಚ್ಚು ಕಡಿಮೆ ಮಾಡಿ ನೋಡಿದಾಗ, ಮುಖ್ಯ ಅಪರಾಧಿ ಆಮ್ಲಜನಕದ ಕೊರತೆಯಲ್ಲ, ಬಿಸಿಯೇ ಎಂಬ ಕಡೆಗೆ ಸಾಕ್ಷ್ಯ ವಾಲಿದೆ. ಪಠ್ಯಪುಸ್ತಕದ ವಾಕ್ಯವೂ ಕೆಲವೊಮ್ಮೆ ತಿದ್ದುಪಡಿಗೆ ಒಳಗಾಗುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ನೆನಪಿರಲಿ.

ಈಗ ಪಂಚಾಂಗ ತೆಗೆಯೋಣ. ರಾಯಚೂರು, ಕಲಬುರ್ಗಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಜೂನ್ ಮೊದಲ ವಾರದ ಸುಮಾರಿಗೆ ಮುಂಗಾರು ಬರುತ್ತದೆ. ನೆಲ ತಣಿಯುತ್ತದೆ, ಹಸಿರು ಚಿಗುರುತ್ತದೆ. ಎಳೆ ಹುಲ್ಲು ಮೇದ ಕುರಿಗಳು ಮೈದುಂಬಿಕೊಂಡು ಜೂನ್, ಜುಲೈನಲ್ಲಿ ಬೆದೆಗೆ ಬರುತ್ತವೆ. ತಂಪು ಗಾಳಿಗೆ ಟಗರಿಗೂ ಹುರುಪು. ಎಲ್ಲವೂ ಚೆನ್ನಾಗಿರುವಂತೆ ಕಾಣುತ್ತದೆ. ಆದರೆ ಆ ಟಗರಿನ ಚೀಲದಲ್ಲಿ ಜೂನ್ ಕೊನೆಗೆ ಸಿದ್ಧವಾಗಿ ನಿಂತಿರುವುದು ಮೇ ತಿಂಗಳ ಬಿಸಿಲಿನಲ್ಲಿ ಅರ್ಧ ಬೆಂದ ಸರಕು. ಹೊರಗೆ ಮುಂಗಾರು, ಒಳಗೆ ಇನ್ನೂ ವೈಶಾಖ! ಹೊಸ ಸರಕು ಪೂರ್ತಿಯಾಗಿ ಬರಬೇಕಾದರೆ ಬಿಸಿಲು ಇಳಿದು ಎರಡು ತಿಂಗಳಾಗಬೇಕು, ಎಂದರೆ ಆಗಸ್ಟ್ ಬರಬೇಕು.

ಕುರಿಯ ಗಬ್ಬದ ಅವಧಿ ಸುಮಾರು 150 ದಿನ. ಜೂನ್ ನಡುವಿನಲ್ಲಿ ಗಬ್ಬ ನಿಂತದ್ದು ಕಾರ್ತಿಕದಲ್ಲಿ ಈಯುತ್ತದೆ. ಕಾರ್ತಿಕದಲ್ಲಿ ಮರಿಯ ಎಣಿಕೆ ಕಡಿಮೆಯಾದಾಗ ಯಾರಿಗೆ ತಾನೆ ಆರು ತಿಂಗಳ ಹಿಂದಿನ ಬಿಸಿಲು ನೆನಪಾದೀತು? ಕಣ್ಣೆದುರು ಇರುವುದು ಮರಿ ಹಾಕದ ಕುರಿ. ಅದಕ್ಕೇ ಗೊಡ್ಡು ಎಂಬ ಹೆಸರು, ಸಂತೆಯ ದಾರಿ.

ಬಿಸಿಲು ಹೆಣ್ಣು ಕುರಿಯನ್ನು ಬಿಟ್ಟುಬಿಡುತ್ತದೆ ಎಂದಲ್ಲ. ಅದರ ಬೆದೆ, ಅಂಡ, ಎಳೆಯ ಭ್ರೂಣ ಎಲ್ಲಕ್ಕೂ ಬಿಸಿಲು ತಟ್ಟುತ್ತದೆ. ಆಸ್ಟ್ರೇಲಿಯಾದ ಅಡಿಲೇಡಿನ ಸಂಶೋಧಕರು ಈಚೆಗೆ ಮಾಡಿದ ಅಂದಾಜಿನ ಪ್ರಕಾರ, ಬಿಸಿಲಿನ ಒತ್ತಡದಿಂದ ಆ ದೇಶದಲ್ಲಿ ವರ್ಷಕ್ಕೆ ಸುಮಾರು 21 ಲಕ್ಷ ಮರಿಗಳು ಹುಟ್ಟದೇ ಹೋಗುತ್ತಿವೆ. ಸರಾಸರಿ ಉಷ್ಣತೆ 3 ಡಿಗ್ರಿ ಏರಿದರೆ ಈ ನಷ್ಟ 33 ಲಕ್ಷಕ್ಕೆ ಮುಟ್ಟಬಹುದು. ಇದರಲ್ಲಿ ಗಂಡಿನ ಪಾಲೂ ಇದೆ, ಹೆಣ್ಣಿನ ಪಾಲೂ ಇದೆ. ಆದರೆ ಲೆಕ್ಕದಲ್ಲಿ ಒಂದು ವ್ಯತ್ಯಾಸವಿದೆ. ಒಂದು ಕುರಿ ಕೈಕೊಟ್ಟರೆ ಹೋಗುವುದು ಒಂದು ಮರಿ. ನಮ್ಮಲ್ಲಿ 30ರಿಂದ 40 ಕುರಿಗೆ ಒಂದು ಟಗರು ಬಿಡುವುದು ರೂಢಿ. ಆ ಒಂದು ಟಗರು ಕೈಕೊಟ್ಟರೆ ಹೋಗುವುದು ಇಡೀ ಹಿಂಡಿನ ವರ್ಷದ ಬೆಳೆ. ಮಗಳ ಮದುವೆ, ಮಗನ ಕಾಲೇಜು ಫೀಜು ಎಲ್ಲವನ್ನೂ ಮರಿಗಳ ಮೇಲೆ ಲೆಕ್ಕ ಹಾಕಿಕೊಂಡ ಮನೆಗೆ ಅದೇನು ಸಣ್ಣ ಮಾತಲ್ಲ.

ಹಾಗೆಂದು ಎಲ್ಲ ಟಗರಿಗೂ ಎಲ್ಲ ವರ್ಷವೂ ಹೀಗಾಗುತ್ತದೆ ಎಂದು ಹೆದರಬೇಕಿಲ್ಲ. ನಮ್ಮ ಡೆಕ್ಕನಿ, ಬಳ್ಳಾರಿ, ಕೆಂಗುರಿ ತಳಿಗಳು ತಲೆಮಾರುಗಳಿಂದ ಈ ಬಿಸಿಲಿನಲ್ಲೇ ಬೆಳೆದವು. ಅವುಗಳ ಮೈಮೇಲಿರುವುದು ಮೆರಿನೊ ಕುರಿಯಂಥ ಒತ್ತಾದ ನವಿರು ಉಣ್ಣೆಯಲ್ಲ. ಒರಟಾಗಿ, ವಿರಳವಾಗಿ, ಗಾಳಿಯಾಡುವಂತೆ ಇರುವ ಕೂದಲು. ತಂಪು ದೇಶದಿಂದ ತಂದ ತಳಿಗಿಂತ ಇವು ಬಿಸಿಲನ್ನು ಹೆಚ್ಚು ತಾಳುತ್ತವೆ. ಒಂದೇ ಹಿಂಡಿನೊಳಗೂ ಟಗರಿನಿಂದ ಟಗರಿಗೆ ವ್ಯತ್ಯಾಸವಿದೆ. ಆದರೆ ತಾಳ್ಮೆಗೂ ಒಂದು ಮಿತಿಯಿದೆ. 2024ರ ಏಪ್ರಿಲ್, ಮೇ ತಿಂಗಳಲ್ಲಿ ಕಲ್ಯಾಣ ಕರ್ನಾಟಕದಲ್ಲಿ ಬೀಸಿದಂಥ ಬಿಸಿಗಾಳಿ ಮೇಲಿಂದ ಮೇಲೆ ಬಂದರೆ ಆ ಮಿತಿ ಹತ್ತಿರವಾಗುತ್ತದೆ.

ಹಾಗಾದರೆ ಚಳಿ ಒಳ್ಳೆಯದೇ?

ಬಹುಮಟ್ಟಿಗೆ ಹೌದು. ನಮ್ಮ ಬಯಲುಸೀಮೆಯ ಚಳಿ ಟಗರಿನ ಸಂತಾನಶಕ್ತಿಗೆ ಕೇಡು ಮಾಡುವಷ್ಟು ಕಟುವಲ್ಲ. ಬೀದರಿನಲ್ಲಿ ಮುಂಜಾನೆ 10 ಡಿಗ್ರಿಗೆ ಇಳಿದರೂ ಚೀಲ ಮೇಲೇರಿ ತನ್ನ ಬಿಸಿಯನ್ನು ತಾನೇ ಕಾಪಾಡಿಕೊಳ್ಳುತ್ತದೆ. ನಮ್ಮಲ್ಲಿ ಚಳಿಯ ಭಯ ಇರುವುದು ಆಗತಾನೆ ಹುಟ್ಟಿದ ಮರಿಗೇ ಹೊರತು ಅದರ ಅಪ್ಪನಿಗಲ್ಲ.

ಹಿಮಗಾಳಿ ಬೀಸುವ ದೇಶಗಳ ಮಾತು ಬೇರೆ. ಉತ್ತರ ಅಮೆರಿಕದ ಬಯಲುಗಳಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಗೆ ಗಾಳಿಯೂ ಸೇರಿದಾಗ ಟಗರು, ಹೋರಿಗಳ ವೃಷಣಚೀಲದ ಚರ್ಮ ಮರಗಟ್ಟಿ ಸತ್ತು ಹಕ್ಕಳೆಗಟ್ಟುವುದುಂಟು. ಮಜಾ ಏನೆಂದರೆ, ಅಲ್ಲೂ ಒಳಗಿನ ಹಾನಿಯಲ್ಲಿ ಬಿಸಿಯ ಕೈ ಇರುತ್ತದೆ. ಮರಗಟ್ಟಿದ ಚರ್ಮ ಬಾತುಕೊಳ್ಳುತ್ತದೆ, ಬಾವು ಬಿಸಿಯೇರುತ್ತದೆ, ಆ ಬಿಸಿಗೆ ವೃಷಣ ನಲುಗುತ್ತದೆ. ಚಳಿ ಹೊಡೆದ ಪೆಟ್ಟೂ ಕೊನೆಗೆ ಬಿಸಿಯ ಪೆಟ್ಟೇ ಆಗುತ್ತದೆ.

ತಂಪು ದೇಶದ ಟಗರುಗಳಲ್ಲಿ ಋತುವಿನ ಇನ್ನೊಂದು ಆಟವಿದೆ. ಅವು ಉಷ್ಣತೆಗಿಂತ ಹೆಚ್ಚಾಗಿ ಹಗಲಿನ ಉದ್ದವನ್ನು ನೋಡಿ ನಡೆಯುತ್ತವೆ. ಸ್ಕಾಟ್ಲೆಂಡಿನಲ್ಲಿ ನಡುಬೇಸಿಗೆಯ ಹಗಲು ಹದಿನೇಳು ಗಂಟೆ ದಾಟಿದರೆ ನಡುಚಳಿಗಾಲದ ಹಗಲು ಏಳು ಗಂಟೆಯ ಆಸುಪಾಸು. ರಾತ್ರಿ ಉದ್ದವಾದಷ್ಟೂ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ರಸದೂತ ಹೆಚ್ಚು ಹೊತ್ತು ಸ್ರವಿಸುತ್ತದೆ. ಅದೇ ಟಗರಿನ ಕ್ಯಾಲೆಂಡರು. ಅಲ್ಲಿನ ಸೋಯ್ ಎಂಬ ಪುರಾತನ ತಳಿಯ ಟಗರುಗಳಲ್ಲಿ ವಸಂತ, ಬೇಸಿಗೆಯಲ್ಲಿ ವೃಷಣಗಳು ಕುಗ್ಗಿ ಶರತ್ಕಾಲದಲ್ಲಿ ಮತ್ತೆ ಹಿಗ್ಗುತ್ತವೆ. ಹಾಗಾದರೆ ಮರಿಗಳು ಹುಲ್ಲು ಚಿಗುರುವ ವಸಂತದಲ್ಲೇ ಹುಟ್ಟುತ್ತವೆ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಆದ್ದರಿಂದ ನಮ್ಮ ಟಗರುಗಳಿಗೆ ಸೂರ್ಯ ಗಡಿಯಾರಕ್ಕಿಂತ ಒಲೆಯಾಗಿಯೇ ಹೆಚ್ಚು ಮುಖ್ಯ.

ಮಾಡಬಹುದಾದದ್ದು ಏನು?

ಬಿಸಿಲನ್ನು ತಡೆಯಲಾಗದು, ಅದರ ಲೆಕ್ಕ ಇಡಬಹುದು. ಮುಂಗಾರಿನಲ್ಲಿ ಹಿಂಡಿಗೆ ಬಿಡುವ ಟಗರಿನ ಆರೈಕೆ ಏಪ್ರಿಲ್‌ನಲ್ಲೇ ಶುರುವಾಗಬೇಕು. ಎಲ್ಲ ಕುರಿಗಳಿಗೂ ನೆರಳು ಒದಗಿಸಲು ಆಗದಿದ್ದರೆ ಟಗರೊಂದಕ್ಕಾದರೂ ಮಧ್ಯಾಹ್ನ ಚಪ್ಪರದ ನೆರಳು, ತಂಪು ನೀರು ಸಿಗಲಿ. ಮೇಯಿಸುವುದು ಬೆಳಗಿನ ಜಾವ ಮತ್ತು ಸಂಜೆ ಇರಲಿ. ಬಿರುಬೇಸಿಗೆಗೆ ಕೆಲವು ವಾರ ಮೊದಲೇ ಉಣ್ಣೆ ಕತ್ತರಿಸಿದರೆ ಒಳ್ಳೆಯದು, ಚೀಲದ ಮೇಲೆ ಉಣ್ಣೆ ಬೆಳೆದಿದ್ದರೆ ಅದನ್ನೂ. ಟಗರಿಗೆ ಜ್ವರ ಬಂದಿದ್ದರೂ ಇದೇ ಎರಡು ತಿಂಗಳ ಲೆಕ್ಕ ಅನ್ವಯಿಸುತ್ತದೆ. ಕಾಲುಬಾಯಿ ಜ್ವರದಿಂದಲೋ ನೀಲಿನಾಲಿಗೆ ರೋಗದಿಂದಲೋ ಎದ್ದ ಟಗರನ್ನು ತಕ್ಷಣ ನೆಚ್ಚಿಕೊಳ್ಳಬಾರದು.

ಹಿಂಡಿಗೆ ಬಿಡುವ ಮುನ್ನ ಪಶುವೈದ್ಯರಿಗೆ ತೋರಿಸಿ. ಆರೋಗ್ಯವಾದ ವೃಷಣ ಒತ್ತಿದರೆ ಬಿಗಿಯಾಗಿ, ಪುಟಿಯುವಂತೆ ಇರುತ್ತದೆ. ಬಿಸಿಗೆ ಸೋತದ್ದು ಮೆತ್ತಗಾಗಿ ಕುಗ್ಗಿರುತ್ತದೆ. ವೀರ್ಯದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇನ್ನೂ ಖಚಿತ. ಒಳ್ಳೆಯ ಹನಿಯಲ್ಲಿ ಮಳೆಮೋಡದ ಸುಳಿಯಂತೆ ಅಲೆಗಳು ಏಳುತ್ತಿರುತ್ತವೆ. ಸಾಧ್ಯವಿದ್ದವರು ಎರಡನೆಯ ಟಗರನ್ನು ಇಟ್ಟುಕೊಂಡರೆ ಎಲ್ಲ ಭಾರ ಒಂದರ ಮೇಲೆ ಬೀಳದು.

ಇನ್ನು ವಿದ್ಯಾರ್ಥಿಗಳಿಗೆ ಎರಡು ಕೆಲಸ. ಮನೆಯಲ್ಲಿ ಅಥವಾ ಊರಲ್ಲಿ ಕುರಿ ಇದ್ದರೆ ಸಾಕು, ಖರ್ಚಿಲ್ಲ.

ಒಂದು, ನೆರಳಿನಲ್ಲಿ ನಿಂತ ಟಗರಿನ ಪಕ್ಕೆ ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂದು ಬೆಳಿಗ್ಗೆ ಎಣಿಸಿ, ಬರೆದಿಡಿ. ಮಧ್ಯಾಹ್ನ ಬಿಸಿಲಿನಲ್ಲಿ ಮತ್ತೆ ಎಣಿಸಿ. ತಂಪು ಹೊತ್ತಿನಲ್ಲಿ ಅದು 20, 30ರ ಆಸುಪಾಸು ಇರುತ್ತದೆ. 40ರಿಂದ 60 ಆದರೆ ಬಿಸಿಲಿನ ಒತ್ತಡ ಶುರುವಾಗಿದೆ ಎಂದರ್ಥ. 80 ದಾಟಿದರೆ ಟಗರು ಕಷ್ಟದಲ್ಲಿದೆ, ನೆರಳಿಗೆ ಕರೆತನ್ನಿ. ಏಪ್ರಿಲ್, ಮೇ ತಿಂಗಳ ಈ ಪಟ್ಟಿಯನ್ನು ಜೋಪಾನವಾಗಿಟ್ಟರೆ ಕಾರ್ತಿಕದಲ್ಲಿ ಅಪ್ಪನಿಗೆ ತೋರಿಸಲು ಬೇಕಾಗುತ್ತದೆ.

ಎರಡು, ಟಗರನ್ನು ಹಿಂಡಿಗೆ ಬಿಡುವಾಗ ಅದರ ಎದೆಗೆ ಎಣ್ಣೆಯಲ್ಲಿ ಕಲಸಿದ ಬಣ್ಣ ಬಳಿಯಿರಿ. ಕುರಿ ಬಿಳಿಯದಾದರೆ ಕೆಮ್ಮಣ್ಣು, ಕರಿಯದಾದರೆ ಸೀಮೆಸುಣ್ಣದ ಪುಡಿ. ಬಣ್ಣ ಒಣಗಿದಂತೆ ಮತ್ತೆ ಬಳಿಯುತ್ತಿರಿ. ಟಗರು ಕೂಡಿದ ಕುರಿಯ ಬೆನ್ನ ಹಿಂಭಾಗದಲ್ಲಿ ಗುರುತು ಬೀಳುತ್ತದೆ. ಗಬ್ಬ ನಿಲ್ಲದ ಕುರಿ ಸುಮಾರು 17 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಆದ್ದರಿಂದ 16ನೆಯ ದಿನ ಬಣ್ಣ ಬದಲಿಸಿ. ಎರಡನೆಯ ಬಣ್ಣ ನಾಲ್ಕಾರು ಕುರಿಗಳ ಮೇಲೆ ಮಾತ್ರ ಬಿದ್ದರೆ ಆ ಕುರಿಗಳನ್ನು ಪರೀಕ್ಷಿಸಬೇಕು. ಹಿಂಡಿನ ಬಹುಪಾಲು ಕುರಿಗಳ ಮೇಲೆ ಬಿದ್ದರೆ ಪರೀಕ್ಷೆಗೆ ಹೋಗಬೇಕಾದದ್ದು ಟಗರು. ಐದು ತಿಂಗಳು ಕಾದು ಅಳುವ ಬದಲು ಒಂದು ತಿಂಗಳಲ್ಲೇ ವಿಷಯ ತಿಳಿಯುತ್ತದೆ, ಬೇರೆ ಟಗರು ತರಲು ಸಮಯವೂ ಇರುತ್ತದೆ.

ತಂದೆ ತಾಯಿಯರಿಗೆ ಒಂದು ಮಾತು. ಮಕ್ಕಳು ಇದನ್ನು ಓದಿ ಮನುಷ್ಯರ ವಿಷಯ ಕೇಳಿದರೆ ಗದರಿಸಬೇಡಿ. ಮನುಷ್ಯನಲ್ಲೂ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ, ಅದಕ್ಕೂ ತಂಪು ಬೇಕು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ. ಆದರೂ ನಮ್ಮ ಮನೆಗಳಲ್ಲಿ ಮೊದಲ ಪರೀಕ್ಷೆಗೆ ಹೋಗುವವಳು, ಮೊದಲ ಮಾತು ಕೇಳುವವಳು ಹೆಂಗಸೇ. ಗೊಡ್ಡು ಎಂಬ ಪದ ಹಟ್ಟಿಯಿಂದ ಮನೆಗೆ ಬಂದು ಬಹಳ ಕಾಲವಾಯಿತು. ಅದನ್ನು ಎರಡೂ ಕಡೆ ಸ್ವಲ್ಪ ಯೋಚಿಸಿ ಬಳಸುವುದು ಒಳ್ಳೆಯದು.

ಆ ಮಧ್ಯಾಹ್ನ ನಾನು ಏಳುವ ಮುಂಚೆ ಕುರಿಗಾಹಿಗೆ ಈ ಎರಡು ತಿಂಗಳ ಲೆಕ್ಕವನ್ನು ನನಗೆ ತಿಳಿದಷ್ಟು ಹೇಳಿದ್ದೆ. ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಎದ್ದು, ತಾವು ಹೊದ್ದಿದ್ದ ಕಂಬಳಿಯನ್ನು ನಾಲ್ಕು ಕೋಲಿಗೆ ಕಟ್ಟಿ ಸಣ್ಣ ಚಪ್ಪರ ಮಾಡಿ ಟಗರನ್ನು ಅದರಡಿ ಎಳೆದು ನಿಲ್ಲಿಸಿದರು. ತಾವು ಬಿಸಿಲಿಗೆ ಬಂದು ಕೂತು, “ಹಂಗಾದ್ರ ಆ ಹತ್ತು ಕುರಿ ಸುಮ್ಮಸುಮ್ಮನ ಹೋದವೇನ್ರೀ?” ಎಂದರು.

ಇದ್ದರೂ ಇರಬಹುದು ಎಂದೆ. ಟಗರಿನ ಉಸಿರು ನಿಧಾನವಾಗಿ ಇಳಿಯುತ್ತಿತ್ತು.